ಅಡುಗೆ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ

ಪ್ರೀತಿಯ ಪುಟ್ಟೀ,

ನಿನ್ನ ಉದ್ದನೆಯ ಪತ್ರ ಎರಡು ಸಲ ಓದಿದೆ. ಪರದೇಶದ ಬೆಟ್ಟದ ಮೇಲಿನ ಹಳ್ಳಿ, ಕಲ್ಲಿನ ಮನೆ, ಒಲೆ ಪಕ್ಕ ಪೇರಿಸಿಟ್ಟ ಸೌದೆ, ಬೆಳಗಿನ ಜಾವ ನಾಲ್ಕಕ್ಕೇ ಕೂಗುವ ಪಕ್ಕದ ಮನೆ ಹುಂಜ. ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀಯ. ಅಸಲು ವಿಷಯ ಬಂದಿದ್ದು ಕೊನೆಯ ಅರ್ಧ ಪುಟದಲ್ಲಿ. ಸ್ವಂತ ದುಡ್ಡಿನಲ್ಲಿ ಅಡುಗೆ ಪುಸ್ತಕ, 1000 ಪ್ರತಿ, ಮುಂದಿನ ತಿಂಗಳೇ ಅಚ್ಚಿಗೆ. "ಮಾರೋದು ಹೇಗೆ ಅಂತ ಹೇಳು ದೊಡ್ಡಮ್ಮ."

ಮಾರೋದು ಇರಲಿ, ಮೊದಲು ನನ್ನ ಕಥೆ ಕೇಳು. ನೀನು ಆಗ ತುಂಬಾ ಚಿಕ್ಕವಳು. ನಾನೂ ಒಂದು ಅಡುಗೆ ಪುಸ್ತಕ ಮಾಡಿಸಿದ್ದೆ, 500 ಪ್ರತಿ. ಪ್ರೆಸ್ಸಿನಿಂದ ಬಂದ ದಿನ ಸಂಭ್ರಮವೋ ಸಂಭ್ರಮ. ಮೂರನೇ ದಿನ ಗೆಳತಿಯೊಬ್ಬಳು ಫೋನ್ ಮಾಡಿ, "ಏನೇ ಇದು, ಬಾಯಿಗೆ ಇಡೋಕೆ ಆಗಲ್ಲ" ಅಂದಳು. 63ನೇ ಪುಟ. ಟೀ ಚಮಚ ಅಂತ ಇರಬೇಕಾದ ಕಡೆ ಟೇಬಲ್ ಚಮಚ ಅಂತ ಬಿದ್ದಿತ್ತು. ಉಪ್ಪು ಮೂರು ಪಟ್ಟು! ಪ್ರೂಫ್ ನಾಲ್ಕು ಸಲ ನೋಡಿದ್ದೆ ಕಣೇ. ಕಾಗುಣಿತ ನೋಡಿದ್ದೆ, ಉಪ್ಪು ನೋಡಿರಲಿಲ್ಲ. ಆಮೇಲೆ ನಾನೂ ನಿಮ್ಮ ದೊಡ್ಡಪ್ಪನೂ ನೆಲದ ಮೇಲೆ ಕೂತು, ಬೆರಳಗಲದ ಚೀಟಿ ಕತ್ತರಿಸಿ, ಗೋಂದು ಹಚ್ಚಿ, ಒಂದೊಂದೇ ಪುಸ್ತಕಕ್ಕೆ ಅಂಟಿಸಿದೆವು. ದೊಡ್ಡಪ್ಪ ಅಂಟಿಸಿದ್ದರಲ್ಲಿ ಕೆಲವು ತಲೆಕೆಳಗಾದವು. ಅದನ್ನು ಅವರು ಈಗಲೂ ಒಪ್ಪುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಬರಹ ಮುಂದಿಟ್ಟುಕೊಂಡು, ನೀನು ಪಕ್ಕದಲ್ಲಿ ಇಲ್ಲದಿರುವಾಗ, ಯಾರಾದರೂ ಅಡುಗೆ ಮಾಡಿದ್ದಾರಾ? ನೀನು ಮಾಡಿದರೆ ಚೆನ್ನಾಗಿ ಬರುತ್ತೆ, ಅದು ಗೊತ್ತು. ನಿನಗೆ ಕೈಯಳತೆ ಕೂತಿದೆ. ಓದುವವಳ ಹಿಡಿ ಬೇರೆ, ಪಾತ್ರೆ ಬೇರೆ, ದೇಶವೇ ಬೇರೆ. ಕಪ್ ಅಂದರೆ ಅಮೆರಿಕದಲ್ಲಿ ಸುಮಾರು 240 ಮಿ.ಲೀ., ಆಸ್ಟ್ರೇಲಿಯಾದಲ್ಲಿ 250. ಅದಾದರೂ ಪರವಾಗಿಲ್ಲ, ಟೇಬಲ್ ಚಮಚ ಸಾಮಾನ್ಯವಾಗಿ 15 ಮಿ.ಲೀ. ಆದರೆ ಆಸ್ಟ್ರೇಲಿಯಾದಲ್ಲಿ 20. ಹಿಟ್ಟಿನ ಕಥೆ ಕೇಳಲೇಬೇಡ. ಮೈದಾವನ್ನು ಚಮಚದಲ್ಲಿ ಹಗುರವಾಗಿ ತುಂಬಿದರೆ ಒಂದು ಕಪ್ಪಿಗೆ 120 ಗ್ರಾಂ, ಡಬ್ಬಕ್ಕೇ ಕಪ್ ಅದ್ದಿ ಎತ್ತಿದರೆ 150ರ ಹತ್ತಿರ ಬರುತ್ತೆ. ಒಂದು ಚಿಕ್ಕ ತಕ್ಕಡಿ ತಗೊಂಡು ಎಲ್ಲವನ್ನೂ ಗ್ರಾಂನಲ್ಲಿ ಬರೆ. ಒವನ್ನಿನಲ್ಲಿ ಫ್ಯಾನ್ ಇದ್ದರೆ ಸುಮಾರು 20 ಡಿಗ್ರಿ ಕಡಿಮೆ ಇಡಬೇಕು ಅನ್ನುವುದನ್ನೂ ಸೇರಿಸು.

ಇನ್ನೊಂದು ವಿಷಯ ನಿನಗೆ ಹೊಳೆದಿರಲಾರದು. ಹಳ್ಳಿ 1500 ಮೀಟರ್ ಎತ್ತರದಲ್ಲಿದೆ ಅಂದಿದ್ದೀಯ. ಮೇಲೆ ಹೋದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತೆ. ನಿನ್ನ ಒಲೆಯ ಮೇಲೆ 95ಕ್ಕೇ ಕೊತಕೊತ ಅನ್ನುತ್ತಿರುತ್ತೆ, ಅದಕ್ಕೇ ಕಾಳು ಬೇಯಲು ಅಷ್ಟು ಹೊತ್ತು. ನೀನು ಬರೆದಿರುವ ಎರಡು ಗಂಟೆಯನ್ನು ಸಮುದ್ರದ ದಡದವಳು ನಂಬಿದರೆ, ಅವಳ ಪಾತ್ರೆಯಲ್ಲಿ ಗಂಜಿ ಆಗಿರುತ್ತೆ. ಅವಳು ನಿನ್ನ ಪುಸ್ತಕವನ್ನು ಇನ್ನೊಬ್ಬರಿಗೆ ಹೇಳುತ್ತಾಳಾ? ಬೇರೆ ಬೇರೆ ಊರಿನ ಹತ್ತು ಜನರಿಗೆ ಎರಡೆರಡು ಅಡುಗೆ ಹಂಚು. ಸುಮ್ನೆ ಹೊಗಳುವವರು ಬೇಡ.

ಈಗ ಮುನ್ನುಡಿಯ ಮಾತು. ಸಿಟ್ಟಾಗಬೇಡ. "ಕಾಲ ನಿಂತುಹೋದ ಹಳ್ಳಿ" ಅಂತ ಬರೆದಿದ್ದೀಯ. ಕರೆಂಟ್ ಹೋದಾಗ ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಪಕ್ಕದ ಮನೆ ಅಜ್ಜಿಯ ಮಗನ ಜನರೇಟರ್ ಹತ್ತಿರ ಓಡುತ್ತಿದ್ದವಳು ನೀನೇ ಅಲ್ವಾ? ಆತ ಟ್ರ್ಯಾಕ್ಟರಿನ ಸಾಲದ ಕಂತು ಕಟ್ಟುತ್ತಾ ಇದ್ದಾನೆ. ಅವನ ಕಾಲ ಎಲ್ಲಿ ನಿಂತಿದೆ? ಮೊದಲ ಚಳಿಗಾಲದಲ್ಲಿ ಮೂರು ದಿನ ರಸ್ತೆ ಮುಚ್ಚಿದಾಗ ನೀನು ಫೋನಿನಲ್ಲಿ ಅತ್ತಿದ್ದು ನನಗೆ ನೆನಪಿದೆ. ಅಲ್ಲಿನ ಭಾಷೆಯಲ್ಲಿ "ಉಪ್ಪು ಇದೆಯಾ" ಅಂತ ಕೇಳಲು ಹೋಗಿ ಇನ್ನೇನೋ ಕೇಳಿ, ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದನ್ನೂ ನೀನೇ ಹೇಳಿದ್ದೆ. ಇದರಲ್ಲಿ ಒಂದು ಸಾಲೂ ಪುಸ್ತಕದಲ್ಲಿಲ್ಲ. ಬರೀ ಸೂರ್ಯಾಸ್ತ. ಪರದೇಶದ ಹಳ್ಳಿಯ ಚಂದದ ಪುಸ್ತಕಗಳು ಜಾಸ್ತಿ ಇವೆ. ಅಂಗಡಿಯಲ್ಲಿ ತಪ್ಪು ಮಾತಾಡಿ ಕೆಂಪಾದವಳ ಪುಸ್ತಕವನ್ನು ನಾನಂತೂ ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಮುಖಪುಟಕ್ಕೆ ಪಕ್ಕದ ಮನೆ ಅಜ್ಜಿಯ ಕೈಗಳ ಫೋಟೋ ಅಂದೆ. ಅವರನ್ನು ಕೇಳಿದ್ದೀಯಾ? ಅಳತೆ, ಪದಾರ್ಥಗಳ ಬರೀ ಪಟ್ಟಿಗೆ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ ಇಲ್ಲ, ವಿವರಿಸಿ ಬರೆದ ಮಾತಿಗೆ ಉಂಟು. ಕಾನೂನು ಅಷ್ಟಕ್ಕೇ ಬಿಡುತ್ತೆ. ಆದರೆ ಪುಸ್ತಕ ಬಂದ ಮರುದಿನವೂ ನೀನು ಅವರ ಗೇಟಿನ ಮುಂದೆಯೇ ಹಾದು ಹೋಗಬೇಕು. ಅವರ ಅಡುಗೆಗಳಿರುವ ಪುಟಗಳನ್ನು ಅವರ ಭಾಷೆಯಲ್ಲಿ ಓದಿ ಹೇಳು. ಯಾವ ಅಡುಗೆ ಯಾರ ಮನೆಯದು ಅಂತ ಅವರು ಒಪ್ಪಿದರೆ ಹೆಸರು ಹಾಕು, ಬೇಡ ಅಂದರೆ ಬಿಟ್ಟುಬಿಡು.

ಇನ್ನು 1000 ಪ್ರತಿ. ಬೇಡ. ಆಫ್‌ಸೆಟ್ ಅಚ್ಚಿನಲ್ಲಿ ಒಂದೇ ಸಲಕ್ಕೆ ಜಾಸ್ತಿ ಹಾಕಿಸಿದಷ್ಟೂ ಒಂದೊಂದರ ಖರ್ಚು ಇಳಿಯುತ್ತೆ ಅಂತ ಪ್ರೆಸ್ಸಿನವರು ಆಸೆ ತೋರಿಸುತ್ತಾರೆ. ನಿಜವೇ. ಆದರೆ ಮಾರದೆ ಉಳಿದದ್ದು ಮಂಚದ ಕೆಳಗೆ ಬರುತ್ತೆ. ನನ್ನವು ಎರಡು ಮಳೆಗಾಲ ಅಲ್ಲೇ ಇದ್ದವು. ಆಮೇಲೆ ಬಾಕ್ಸ್ ತೆಗೆದರೆ ಹಾಳೆಗಳೆಲ್ಲ ಅಲೆಅಲೆ, ಬೆನ್ನಿನ ಅಂಟನ್ನು ಜಿರಳೆ ತಿಂದಿತ್ತು. ಕಲ್ಲಿನ ಮನೆಯಲ್ಲಿ ತೇವ ಇನ್ನೂ ಜಾಸ್ತಿ. ಈಗ ಬೇಕಾದಾಗ ಬೇಕಾದಷ್ಟೇ ಡಿಜಿಟಲ್ ಪ್ರಿಂಟ್ ಮಾಡಿಸಬಹುದಲ್ಲ, 100ರಿಂದ ಶುರು ಮಾಡು. ತಪ್ಪಿದ್ದರೆ ಚೀಟಿ ಅಂಟಿಸಲು ನೂರೇ ಇರುತ್ತೆ.

ಸ್ವಂತ ಖರ್ಚಿನದು ಅಂತ ನಾಚಿಕೆ ಪಡಬೇಡ. ಅಮೆರಿಕದ ಇರ್ಮಾ ರೊಂಬೌರ್ ಗಂಡ ತೀರಿಕೊಂಡ ಮರುವರ್ಷ, 1931ರಲ್ಲಿ, ಕೈಲಿದ್ದ ದುಡ್ಡಿನಲ್ಲಿ 'ದಿ ಜಾಯ್ ಆಫ್ ಕುಕಿಂಗ್' ಅಂತ ಅಡುಗೆ ಪುಸ್ತಕದ 3000 ಪ್ರತಿ ಹಾಕಿಸಿದರು. ದೊಡ್ಡ ಪ್ರಕಾಶಕರು ಅದನ್ನು ತಗೊಂಡಿದ್ದು 1936ರಲ್ಲಿ. ಅಲ್ಲಿಯವರೆಗೆ ಅವರದೇ ಓಡಾಟ.

ಬೈಂಡಿಂಗ್ ಮಾತ್ರ ಹೊಲಿಗೆಯದೇ ಇರಲಿ. ಬರೀ ಅಂಟು ಹಾಕಿದ್ದು ಮೇಜಿನ ಮೇಲೆ ತೆರೆದಿಟ್ಟರೆ ಪಟಕ್ಕನೆ ಮುಚ್ಚಿಕೊಳ್ಳುತ್ತೆ, ಹಿಟ್ಟಿನ ಕೈಯಲ್ಲಿ ಎಷ್ಟು ಸಲ ತೆಗೆಯುವುದು? ನೂರು ಪ್ರತಿಗೆ ಹೊಲಿಗೆ ದುಬಾರಿ ಆದರೆ ಸುರುಳಿ ತಂತಿ ಹಾಕಿಸು. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ ಕಾಗದದ ಪುಸ್ತಕಕ್ಕೆ ಒಂದಾದರೆ ಇ-ಪುಸ್ತಕಕ್ಕೆ ಬೇರೆ. ಕೆಲವು ದೇಶಗಳಲ್ಲಿ ಪುಕ್ಕಟೆ ಸಿಗುತ್ತೆ, ಕೆಲವು ಕಡೆ ದುಡ್ಡು. ಅಮೆಜಾನಿನ ಇ-ಪುಸ್ತಕ ಮಳಿಗೆ ಕಿಂಡಲ್‌ನಲ್ಲಿ 70 ಪರ್ಸೆಂಟ್ ರಾಯಲ್ಟಿ ಅಂತ ಹಿಗ್ಗಬೇಡ. ಆ ದರದಲ್ಲಿ ಫೈಲಿನ ಎಂಬಿ ಲೆಕ್ಕಕ್ಕೆ ಡೆಲಿವರಿ ಖರ್ಚು ಮುರಿದುಕೊಳ್ಳುತ್ತಾರೆ. ಫೋಟೋ ತುಂಬಿದ ಅಡುಗೆ ಪುಸ್ತಕಕ್ಕೆ ಅದು ಚೆನ್ನಾಗಿಯೇ ಕಚ್ಚುತ್ತೆ. ಒಮ್ಮೊಮ್ಮೆ ಮುರಿತವಿಲ್ಲದ 35 ಪರ್ಸೆಂಟೇ ಲಾಭ.

ನಿಮ್ಮಮ್ಮನಿಗೆ ಇದನ್ನು ಓದಿ ಹೇಳಬೇಡ, ಗಾಬರಿ ಆಗುತ್ತಾಳೆ: ನಿನ್ನ ವಾಸದ ಪರವಾನಗಿ ಪುಸ್ತಕ ಮಾರಿ ಸಂಪಾದಿಸಲು ಬಿಡುತ್ತಾ? ಕೆಲವು ವೀಸಾಗಳು ಬಿಡುವುದಿಲ್ಲ. ಮೊದಲ ಪ್ರತಿ ಮಾರುವ ಮುಂಚೆ ಅಲ್ಲಿನ ಲೆಕ್ಕ ತಿಳಿದವರನ್ನು ಕಾಣು, ಎರಡು ದೇಶದ ತೆರಿಗೆಯನ್ನೂ ಕೇಳು.

ಮಾರುವುದು ಹೇಗೆ ಅಂದೆಯಲ್ಲ. ಪುಸ್ತಕದಂಗಡಿಯವರು ಮುಖಬೆಲೆಯಲ್ಲಿ 40 ಪರ್ಸೆಂಟ್ ಕೇಳಿದರೆ ಬೆಚ್ಚಬೇಡ, ಮಾಮೂಲು. ನನ್ನ ಪುಸ್ತಕ ಅತಿ ಹೆಚ್ಚು ಹೋಗಿದ್ದು ಒಂದು ಸಂತೆಯ ಬೆಳಿಗ್ಗೆ. ಪುಸ್ತಕದ ಪಕ್ಕ ಅದರೊಳಗಿನ ಒಂದೇ ಒಂದು ಅಡುಗೆಯನ್ನು ತಟ್ಟೆಯಲ್ಲಿಟ್ಟು, ಆ ಪುಟ ತೆರೆದಿಟ್ಟಿದ್ದೆ. ತಿಂದವರು ಬೆರಳು ಒರೆಸಿಕೊಂಡು ಪುಟ ತಿರುಗಿಸುತ್ತಿದ್ದರು. ಮಾತೇ ಬೇಕಾಗಲಿಲ್ಲ. ನಿನ್ನ ಹಳ್ಳಿಯ ಸಂತೆಯಲ್ಲೇ ಶುರು ಮಾಡು, ಅಲ್ಲಿ ತಿಂದವರು ತಪ್ಪಿದ್ದರೆ ಮುಖದ ಮೇಲೇ ಹೇಳುತ್ತಾರೆ. ನೆಂಟರಿಗೆ ದಿನಾ ಮೆಸೇಜ್ ಹಾಕಬೇಡ ಮಾರಾಯ್ತಿ. ನಿಮ್ಮ ಸೋದರಮಾವ ಆಗಲೇ ನಿನ್ನ ಗುಂಪನ್ನು ಮ್ಯೂಟ್ ಮಾಡಿದ್ದಾನೆ, ನಾನು ಹೇಳಿದೆ ಅನ್ನಬೇಡ.

ಪ್ರೂಫ್ ಬಂದ ತಕ್ಷಣ ನನಗೊಂದು ಕಳಿಸು. ದೊಡ್ಡಪ್ಪ ಕನ್ನಡಕ ಒರೆಸಿಟ್ಟುಕೊಂಡಿದ್ದಾರೆ. ಉಪ್ಪು ಬರುವ ಸಾಲುಗಳನ್ನೆಲ್ಲ ಅವರೇ ನೋಡುತ್ತಾರಂತೆ.

ನಿನ್ನ,
ದೊಡ್ಡಮ್ಮ