ಟೆಲಿಸ್ಕೋಪ್ ಹಂಚಿದವರು ಒಮ್ಮೆಯಾದ್ರೂ ಅದರಲ್ಲಿ ನೋಡಿದ್ರಾ?

ಸಂಪಾದಕರಿಗೆ,

ನಮ್ಮೂರ ಮಕ್ಕಳಿಗೆ ಟೆಲಿಸ್ಕೋಪ್ ಹಂಚಿದ ಫೋಟೋ ಗುರುವಾರದ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು, ಎಲ್ರೂ ನೋಡಿರ್ತೀರಿ. ವೇದಿಕೆ ತುಂಬ ಗಣ್ಯರು, ಮೂಲೆಯಲ್ಲಿ ಡಬ್ಬಿ ಹಿಡ್ಕೊಂಡು ಅರ್ಧ ಮುಖ ಕಾಣೋ ಹುಡುಗಿ ನನ್ನ ತಂಗಿ ಮಗಳು. ಎಂಟನೇ ಕ್ಲಾಸು, ಕ್ವಿಜ್‌ನಲ್ಲಿ ಗೆದ್ದಿದ್ದು. ಗಣ್ಯರ ಹೆಸರೆಲ್ಲ ಸಾಲಾಗಿ ಬರೆದ ನಿಮ್ಮ ವರದಿಗಾರರು ಡಬ್ಬಿ ಒಳಗೆ ಏನಿತ್ತು ಅಂತ ಬರೀಲಿಲ್ಲ, ಅದನ್ನ ನಾನು ಬರೀತೇನೆ.

ಡಬ್ಬಿ ಮೇಲೆ ಬಣ್ಣದ ಶನಿಗ್ರಹ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 525 ಪಟ್ಟು. ಲೆಕ್ಕ ಏನು ಅಂದ್ರೆ ಕೊಳವೆಯ ಫೋಕಲ್ ಲೆಂತ್ (ಮುಂದಿನ ಲೆನ್ಸಿಂದ ಬೆಳಕು ಒಟ್ಟಾಗೋ ಜಾಗದ ತನಕದ ದೂರ) 700 ಮಿ.ಮೀ., ಅದನ್ನ 4 ಮಿ.ಮೀ. ಐಪೀಸಿಂದ (ಕಣ್ಣಿಡೋ ಕಡೆಯ ಲೆನ್ಸು) ಭಾಗಿಸಿದ್ರೆ 175, ಅದಕ್ಕೆ ಮೂರು ಪಟ್ಟಿನ ಬಾರ್ಲೋ ಅಂತ ಒಂದು ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿದ್ರೆ 525. ಲೆಕ್ಕ ಸರಿನೇ ಇದೆ. ಆದ್ರೆ ಮುಂದಿನ ಲೆನ್ಸು ಬರೀ 60 ಮಿ.ಮೀ. ಮಾರಾಯ್ರೇ, ಅದು ತಡ್ಕೊಳ್ಳೋದು ಹೆಚ್ಚಂದ್ರೆ 120 ಪಟ್ಟು, ಅದರ ಮೇಲೆ ದೊಡ್ಡದಾಗೋದು ಮಸುಕು ಮಾತ್ರ. ಒಂದು ಲೋಟ ಚಾಕ್ಕೆ ಒಂದು ಕೊಡ ನೀರು ಹೊಯ್ದು ಐವತ್ತು ಜನಕ್ಕೆ ಚಾ ಆಯ್ತು ಅಂದ ಹಾಗೆ.

ಅವತ್ತು ರಾತ್ರಿ ಅರ್ಧಚಂದ್ರ ಇತ್ತು. ಹುಣ್ಣಿಮೆಗಿಂತ ಅದೇ ಒಳ್ಳೇದು, ಕುಳಿಗಳ ನೆರಳು ಚೆನ್ನಾಗಿ ಕಾಣ್ತದೆ ಅಂತ ಅವಳಿಗೆ ಆಸೆ ಹುಟ್ಟಿಸಿದ್ದೂ ನಾನೇ. ಊಟ ಬಿಟ್ಟು ತಾರಸಿ ಹತ್ತಿದ್ವಿ. ಸ್ಟ್ಯಾಂಡಿನ ಒಂದು ಕಾಲು ಬಿಗಿ ಮಾಡಿದ್ರೆ ಇನ್ನೊಂದು ಜಾರ್ತದೆ, ಗುರಿ ಹಿಡಿಯೋ ಪುಟ್ಟ ಕೊಳವೆ ಇದ್ಯಲ್ಲ, ಆ ಫೈಂಡರಿನ ಸ್ಕ್ರೂ ಎರಡು ಸುತ್ತಿಗೆ ಕಿತ್ತು ಕೈಗೆ ಬಂತು, ಫೋಕಸ್ ಗುಂಡಿ ಮುಟ್ಟಿದ್ರೆ ಚಂದ್ರ ಗಾಳಿಗೆ ಸಿಕ್ಕ ಮಾವಿನಕಾಯಿ ಹಾಗೆ ಓಲಾಡ್ತದೆ, ನಿಲ್ಲೋ ತನಕ ಕಾಯ್ಬೇಕು, ನಿಂತ ಅಂತ ಕಣ್ಣಿಟ್ರೆ ಭೂಮಿ ತಿರುಗಿ ಚಂದ್ರ ಆಚೆ ಹೋಗಿ ಆಗಿರ್ತದೆ. ಒಂದೂವರೆ ಗಂಟೆ ಇದೇ ಆಟ, ನನ್ನ ಸೊಂಟ ಇನ್ನೂ ಸರಿ ಆಗಿಲ್ಲ. ಕಡೆಗೆ ಒಂದು ಪಿಶವಿಗೆ ಮರಳು ತುಂಬಿ ಸ್ಟ್ಯಾಂಡಿಗೆ ನೇತುಹಾಕಿ, 20 ಮಿ.ಮೀ. ಐಪೀಸ್ ಹಾಕಿ 35 ಪಟ್ಟಿಗೆ ಇಳಿಸಿ ಗುರುಗ್ರಹಕ್ಕೆ ತಿರುಗಿಸಿದ್ಮೇಲೆ ಪಕ್ಕದಲ್ಲಿ ನಾಲ್ಕು ಚುಕ್ಕಿ ಸಾಲಾಗಿ ಕಂಡ್ವು. 1610ರಲ್ಲಿ ಗೆಲಿಲಿಯೋ ನೋಡಿದ್ದು ಇದೇ ನಾಲ್ಕು ಚಂದ್ರ ಕಣೇ ಅಂದೆ. "ಮಾವ, ಅವನ ಸ್ಟ್ಯಾಂಡೂ ಹೀಗೇ ಅಲ್ಲಾಡ್ತಿತ್ತಾ?" ಅಂತ ಕೇಳ್ತು ಮಗು. ಏನು ಹೇಳೋದು?

ಇದೆಲ್ಲ ಬಿಡಿ, ಅಸಲಿ ಸಿಟ್ಟು ಬೇರೆ ಇದೆ. ಡಬ್ಬಿಯಲ್ಲಿ ಐಪೀಸಿಗೆ ಹಾಕೋ ಕಪ್ಪು ಗಾಜಿನ ಬಿಲ್ಲೆ ಒಂದಿತ್ತು, ಸೂರ್ಯನ ನೋಡಕ್ಕಂತೆ. ಮುಂದಿನ ಲೆನ್ಸು ಬಿಸಿಲನ್ನೆಲ್ಲ ಒಟ್ಟು ಮಾಡಿ ತಂದು ಸುರಿಯೋದು ಆ ಬಿಲ್ಲೆ ಇರೋ ಜಾಗಕ್ಕೇ, ಕಾದು ಫಟ್ ಅಂತ ಸೀಳಿದ್ರೆ ಮಗುವಿನ ಕಣ್ಣು ಅಲ್ಲೇ ಹೋಯ್ತು. ಸೂರ್ಯನ ಫಿಲ್ಟರ್ ಹಾಕೋದು ಕೊಳವೆಯ ಮುಂದಿನ ತುದಿಗೆ. ನಾನು ಸುತ್ತಿಗೆ ತಗೊಂಡು ಅದನ್ನ ಪುಡಿ ಮಾಡಿದೆ, ಉಳಿದ ಮಕ್ಕಳ ಮನೆಯಲ್ಲಿ ಅದು ಹಾಗೇ ಇದೆ. 1980ರ ಫೆಬ್ರುವರಿ 16ಕ್ಕೆ ಪೂರ್ಣ ಗ್ರಹಣದ ನೆರಳು ನಮ್ಮ ಅಂಕೋಲೆ ಮೇಲೇ ಹಾದು ಹೋದಾಗ ನಾನು ಆರನೇ ಕ್ಲಾಸು, ಅಜ್ಜಿ ಬಾಗಿಲು ಹಾಕಿ ಕೂಡಿಹಾಕಿ, ತಟ್ಟೆ ನೀರಲ್ಲಿ ಒನಕೆ ನಿಲ್ಲಿಸಿ ಇದನ್ನೇ ನೋಡ್ತಾ ಕೂರು ಅಂದಿದ್ಲು. ಆ ಸಿಟ್ಟು ಇವತ್ತಿಗೂ ಇದೆ, ಆದ್ರೂ ಅಜ್ಜಿಗೆ ಕಣ್ಣು ಹೋಗ್ತದೆ ಅನ್ನೋ ಹೆದರಿಕೆ ಇತ್ತು, ಇವರಿಗೆ ಅದೂ ಇಲ್ಲ. ಹೋದ್ರೆ ಎಲ್ಲಿಗೆ ಓಡೋದು ಹೇಳಿ? ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಗಂಟಲು ಹೋಗಿದೆ, ಇವತ್ತಿಗೂ ಮಂಗಳೂರು, ಮಣಿಪಾಲ, ಗೋವಾನೇ ಗತಿ.

ಸಂಬಂಧಪಟ್ಟ ಆಫೀಸಿಗೆ ಫೋನ್ ಹಚ್ಚಿದೆ. ಸಾಹೇಬ್ರು ಮೀಟಿಂಗಲ್ಲಿ. ಇನ್ನೊಬ್ಬರು "ಕಮ್ಮಿ ರೇಟಿಗೆ ಜಾಸ್ತಿ ಪವರ್ ಇದ್ದಿದ್ದೇ ತಗೊಂಡಿದ್ದೇವೆ, ಬಿಟ್ಟಿ ಕೊಟ್ಟಿದ್ದಕ್ಕೂ ತಕರಾರಾ" ಅಂದ್ರು. ಅಲ್ಲ ಸ್ವಾಮಿ, ಮಕ್ಕಳಿಗೆ ಕೊಡೋದು ಅಂದ್ರೆ ಪವರ್ ಅಲ್ಲ ನೋಡೋದು, ಕೊಳವೆಯ ಬಾಯಿ ಎಷ್ಟು ಅಗಲ, ಸ್ಟ್ಯಾಂಡಿನ ಕಾಲು ಎಷ್ಟು ಗಟ್ಟಿ, ಅಷ್ಟೇ. ಒಬ್ಬೊಬ್ಬರಿಗೂ ಕೊಡ್ಲೇಬೇಕು ಅಂದ್ರೆ 7x50 ಇಲ್ಲ 10x50 ಬೈನಾಕ್ಯುಲರ್ (ಮೊದಲಿನದು ಎಷ್ಟು ಪಟ್ಟು, 50 ಅಂದ್ರೆ ಲೆನ್ಸಿನ ಅಗಲ ಮಿ.ಮೀ.ನಲ್ಲಿ) ಕೊಡಿ, ಕೃತ್ತಿಕೆ ನೋಡಕ್ಕೆ ಅದಕ್ಕಿಂತ ಚಂದದ್ದು ಇಲ್ಲ, ಹಗಲಿಗೆ ದೋಣಿನಾದ್ರೂ ಕಾಣ್ತದೆ. ಇಲ್ಲಾ ಅಷ್ಟೂ ಡಬ್ಬಿ ದುಡ್ಡು ಸೇರಿಸಿ ಶಾಲೆಗೊಂದು 130 ಮಿ.ಮೀ. ಮೇಜಿನ ಮೇಲಿಡೋ ಡಾಬ್ಸೋನಿಯನ್ (ಪೀಠದ ಮೇಲೆ ತಿರುಗೋ ಕನ್ನಡಿ ಟೆಲಿಸ್ಕೋಪ್) ತರಿಸಿ, 60ರದ್ದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ ಬೆಳಕು ಹಿಡೀತದೆ, ಕಾಲೇ ಇಲ್ಲ ಅಲ್ಲಾಡಕ್ಕೆ. ಜಾನ್ ಡಾಬ್ಸನ್ ಅನ್ನೋ ಪುಣ್ಯಾತ್ಮ ಪ್ಲೈವುಡ್ಡು, ರಟ್ಟಿನ ಕೊಳವೆಯಲ್ಲೇ ಮಾಡಿ ತೋರಿಸಿದ್ದು ಅದು. ಮತ್ತೆ ನಮ್ಮ ಮಳೆಗಾಲಕ್ಕೆ ಲೆನ್ಸಿಗೆ ಬೂಷ್ಟು ಹಿಡೀತದೆ, ಒಣ ಡಬ್ಬಿಯಲ್ಲಿಡಿ ಅಂತಾದ್ರೂ ಭಾಷಣದಲ್ಲಿ ಒಬ್ಬರು ಹೇಳಬೇಕಿತ್ತಲ್ಲ? ಹೋದ ಬಾರಿ ಹಿಂಗೇ ಅಜ್ಜ-ಅಜ್ಜಿಯರಿಗೆಲ್ಲ ಒಂದೇ ನಂಬರಿನ ಕನ್ನಡಕ ಹಂಚಿದ್ರು, ಅದರ ಫೋಟೋನೂ ಬಂದಿತ್ತು.

ಇನ್ನು ನಮ್ಮ ತಿರುವಿನ ಹೈಮಾಸ್ಟ್ ಲೈಟು. ರಸ್ತೆಯ ಹೊಂಡ ಕಾಣಲ್ಲ, ನಮ್ಮ ತಾರಸಿ ಮಾತ್ರ ಹಗಲಾಗ್ತದೆ. ಮುಖ ಕೆಳಗೆ ಮಾಡಿ ಅಂತ ಎರಡು ಅರ್ಜಿ ಕೊಟ್ಟಿದ್ದೆ, ಅವು ಎಲ್ಲಿವೆ ಅಂತ ಹುಡುಕಕ್ಕೆ ಬೇಕಿದ್ರೆ ಈ ಟೆಲಿಸ್ಕೋಪ್ ಕೊಡ್ತೇನೆ. ಇನ್ನೂ ಬಾರದ ಅಂಕೋಲಾ-ಹುಬ್ಬಳ್ಳಿ ರೈಲು ಕಾಣಕ್ಕೆ ಮಾತ್ರ 525 ಪಟ್ಟೂ ಸಾಕಾಗಲಿಕ್ಕಿಲ್ಲ.

ಹಂಚಿದ್ದನ್ನೆಲ್ಲ ವಾಪಸ್ ತಗೊಂಡು ಬೈನಾಕ್ಯುಲರ್ ಕೊಡ್ಲಿ, ಅದಾಗದಿದ್ರೆ ಸ್ಟ್ಯಾಂಡಾದ್ರೂ ಬದಲಿಸ್ಲಿ, ಅದೂ ಆಗದಿದ್ರೆ ಆ ಲೈಟಾದ್ರೂ ತಿರುಗಿಸ್ಲಿ, ಒಟ್ಟು ಏನಾದ್ರೂ ಒಂದು ಮಾಡ್ಲಿ. ಸೂರ್ಯನ ಬಿಲ್ಲೆ ಮಾತ್ರ ನಾಳೆನೇ ಮನೆಮನೆಯಿಂದ ತರಿಸ್ಬೇಕು. ಇಷ್ಟೂ ಕೈಲಾಗಲ್ಲ ಅಂದ್ರೆ ಮುಂದಿನ ಸಲ ಶಾಲು, ಹಾರ ಹಂಚ್ಕೊಂಡು ಮನೆಗೆ ಹೋಗ್ಲಿ, ಅದನ್ನ ಆರಿಸೋದ್ರಲ್ಲಿ ಅವರು ಯಾವತ್ತೂ ತಪ್ಪಿದ್ದಿಲ್ಲ.

- ಸೊಂಟ ಹಿಡ್ಕೊಂಡ ಒಬ್ಬ ಮಾವ, ಅಂಕೋಲಾ