ಚಳಿಗಾಲದಲ್ಲಿ ಗಾಳದ ದೋಣಿಗಳು ಹೊರಡುವ ಹೊತ್ತಿನ ಬದಲಾವಣೆ: ಗ್ರಾಹಕರಿಗೆ ಪತ್ರ

ಚಿಕಾಲಿಮ್, ಗೋವಾ

ಮಾನ್ಯರೇ,

ಜುವಾರಿ ನದಿಯ ಅಳಿವೆಯಲ್ಲಿಯೂ ಅದರ ಹೊರಗಿನ ಕರಾವಳಿ ನೀರಿನಲ್ಲಿಯೂ ಗಾಳ ಹಾಕಲು ನಮ್ಮ ದೋಣಿಗಳಿಗೆ ಬರುವ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಬೆಂಗಳೂರು ಕಡೆಯ ಗ್ರಾಹಕರಿಗೂ, ವಾಸ್ಕೋ ಮತ್ತು ಮಡಗಾಂವ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ತಿಳಿಸುವುದೇನೆಂದರೆ, ಡಿಸೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಬೆಳಗಿನ 5.30ರ ದೋಣಿ ಇರುವುದಿಲ್ಲ. ಈ ಮೂರು ತಿಂಗಳು ನದಿಯ ದೋಣಿ ಹೊರಡುವ ಹೊತ್ತನ್ನು ಆಯಾ ದಿನದ ಭರತ-ಇಳಿತ (ಕಡಲ ನೀರಿನ ಉಬ್ಬರವಿಳಿತ) ನೋಡಿ ಗೊತ್ತುಮಾಡುತ್ತೇವೆ. ಸಮುದ್ರದ ದೋಣಿ ಬೆಳಕು ಹರಿದ ಮೇಲೆ ಹೊರಟು ಮಧ್ಯಾಹ್ನ 12ರೊಳಗೆ ದಡ ಸೇರುತ್ತದೆ. ದರದಲ್ಲಿ ಬದಲಾವಣೆಯಿಲ್ಲ.

ನಸುಕಿಗೇ ಮೀನು ಕಚ್ಚುತ್ತದೆ ಎಂಬ ಮಾತನ್ನು ನಾವು ತಳ್ಳಿಹಾಕುತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸಮುದ್ರದ ಮೇಲ್ಮೈ ನೀರು 30 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ, ಸೂರ್ಯ ಹುಟ್ಟುವ ಮೊದಲಿನ ತಂಪು ಹೊತ್ತೇ ಮೀನಿಗೂ ಮನುಷ್ಯನಿಗೂ ಹಿತ. ಚಳಿಗಾಲದಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ. ಸಮುದ್ರದ ನೀರು ಆಗಲೂ 27, 28 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನದಿಯ ಅಂಚಿನಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಮೊಣಕಾಲುದ್ದ ನೀರು ನಿಲ್ಲುವ ಕೆಸರು ಬಯಲಿನಲ್ಲಿ, ರಾತ್ರಿಯ ಗಾಳಿ 20 ಡಿಗ್ರಿಯ ಹತ್ತಿರಕ್ಕೆ ಇಳಿದಾಗ ತೆಳುವಾದ ನೀರು ಬೇಗ ತಣಿಯುತ್ತದೆ. ಮೀನಿನ ಮೈಶಾಖ ನೀರಿನ ಶಾಖವನ್ನೇ ಹಿಂಬಾಲಿಸುವುದರಿಂದ, ಸಿಗಡಿಯೂ ಶೆವಟೆ ಮೀನಿನ ಮರಿಗಳೂ ಅಂಥ ಜಾಗ ಬಿಟ್ಟು ಆಳದ ಪಾತ್ರಕ್ಕೆ ಸರಿಯುತ್ತವೆ. ಅವುಗಳನ್ನು ತಿನ್ನುವ ಚೊಣಕವೂ ಕೆಂಪು ಸ್ನ್ಯಾಪರೂ ಅವುಗಳ ಹಿಂದೆಯೇ ಹೋಗುತ್ತವೆ. ಹೋಟೆಲಿನ ಪಟ್ಟಿಯಲ್ಲಿ ಬಾರಾಮುಂಡಿ ಎಂದು ಬರೆಯುವ ಈ ಚೊಣಕ ಮೂಲತಃ ಬೆಚ್ಚಗಿನ ನೀರಿನ ಮೀನು. ನೀರು ತಣಿದಷ್ಟೂ ಅದರ ಹಸಿವು ಕುಗ್ಗುತ್ತದೆ, ಎರೆಯ ಹಿಂದೆ ಓಡುವ ಉತ್ಸಾಹವೂ ಕುಗ್ಗುತ್ತದೆ. ಬಿಸಿಲು ಒಂದೆರಡು ತಾಸು ಬಿದ್ದು, ಭರತದ ನೀರು ಬೆಚ್ಚಗಾದ ಕೆಸರಿನ ಮೇಲೆ ಏರತೊಡಗಿದ ಮೇಲೆಯೇ ಅವು ಮತ್ತೆ ಅಂಚಿಗೆ ಬರುವುದು. ಚಳಿಗಾಲದ ಒಳ್ಳೆಯ ಹೊತ್ತು, ದೋಣಿ ನಡೆಸುವ ನಮ್ಮ ತಾಂಡೇಲರ ಅನುಭವದಲ್ಲಿ, 9ರ ನಂತರ ಏರುವ ಭರತ.

ಇದಕ್ಕಿಂತ ದೊಡ್ಡ ಕಾರಣ ಮಂಜು. ಜನವರಿಯಲ್ಲಿ ಇಲ್ಲಿ ಸೂರ್ಯೋದಯವೇ 7 ಗಂಟೆ ದಾಟಿ ಆಗುತ್ತದೆ. ನದಿಯ ಮೇಲೆ ಕಟ್ಟಿದ ಮಂಜು ಎಷ್ಟೋ ದಿನ ಅದಕ್ಕೂ ಬಹಳ ಹೊತ್ತಿನ ಮೇಲೆ ಕರಗುತ್ತದೆ. ಜುವಾರಿಯಲ್ಲಿ ಬಾರ್ಜುಗಳು ಓಡಾಡುತ್ತವೆ, ನಮ್ಮ ಚಿಕ್ಕ ದೋಣಿಗಳಲ್ಲಿ ರಾಡಾರ್ ಇಲ್ಲ. ಹಾಗಿರುವಾಗ ಕತ್ತಲೆಯಲ್ಲಿ ಜನರನ್ನು ಕೂರಿಸಿಕೊಂಡು ಹೊರಡುವುದನ್ನು ಮೀನಿನ ಆಸೆಯಿಂದ ಸಮರ್ಥಿಸಲಾಗದು.

ನದಿಯ ದೋಣಿಯ ಹೊತ್ತು ಹೇಗೆ ನಿರ್ಧಾರವಾಗುತ್ತದೆ ಎಂದು ಹಲವರು ಕೇಳುತ್ತಾರೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತಗಳ ಎತ್ತರ ಒಂದೇ ಸಮವಿರುವುದಿಲ್ಲ. ಪ್ರತಿದಿನ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಬೆಳಗಿನ ಜಾವ ಇಳಿತ ಮುಗಿದು ಮಧ್ಯಾಹ್ನದ ಹೊತ್ತಿಗೆ ಭರತ ತುಂಬುತ್ತದೆ. ಅಂಥ ದಿನಗಳಲ್ಲಿ ದೋಣಿ 8ರ ಸುಮಾರಿಗೆ ಹೊರಡುತ್ತದೆ. ಅಷ್ಟಮಿಯ ಸುತ್ತ ನೀರಿನ ಏರಿಳಿತ ಕಡಿಮೆ, ಹರಿವು ಮಂದ, ಭರತ ಏರುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಆಗ ಮಧ್ಯಾಹ್ನದ ದೋಣಿಯನ್ನೇ ಇಡುತ್ತೇವೆ. ಭರತದ ಪಟ್ಟಿ ಮೊದಲೇ ಮುದ್ರಿತವಾಗಿರುವ ಕಾರಣ, ತಾವು ದಿನ ಹೇಳಿದ ಕೂಡಲೇ ಹೊತ್ತನ್ನು ನಾವು ಹೇಳಬಲ್ಲೆವು. ಚೋರ್ಲಾ ಘಾಟ್ ಇಳಿದು ಬರುವ ಬೆಳಗಾವಿಯವರು ಹಿಂದಿನ ರಾತ್ರಿಯೇ ಬಂದು ಕೊಠಡಿ ಹಿಡಿಯಬೇಕಾದ ಪ್ರಸಂಗ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ. ಬೆಳಿಗ್ಗೆ ಬೇಗ ಮುಗಿಸಿ ಮಧ್ಯಾಹ್ನವೇ ಊರಿಗೆ ಮರಳುವ ಅಭ್ಯಾಸದವರಿಗೆ ಮಾತ್ರ ತೊಂದರೆಯಾಗುವುದನ್ನು ನಾವು ಬಲ್ಲೆವು.

ಸಮುದ್ರದ ದೋಣಿಯ ವಿಷಯ ಬೇರೆ. ಅಲ್ಲಿ ನೀರಿಗಿಂತ ಗಾಳಿಯ ಮಾತೇ ಮುಖ್ಯ. ಚಳಿಗಾಲದ ರಾತ್ರಿ ಮತ್ತು ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ದಡದ ಹತ್ತಿರದ ನೀರು ಸಮತಟ್ಟಾಗಿರುತ್ತದೆ. ಮಧ್ಯಾಹ್ನ ನೆಲ ಕಾದಂತೆ ವಾಯುವ್ಯದಿಂದ ಕಡಲಗಾಳಿ ಏಳುತ್ತದೆ, ಒಂದು ತಾಸಿನೊಳಗೆ ಅಲೆಗಳ ತಲೆ ಬೆಳ್ಳಗಾಗುತ್ತದೆ. ಗ್ರ್ಯಾಂಡ್ ದ್ವೀಪದ ಕಲ್ಲುಗಳ ಬಳಿ ಟ್ರೆವಲ್ಲಿ, ಬರಾಕುಡಾ ಮೀನುಗಳಿಗೆ ಗಾಳ ಹಾಕುವವರು ಈ ಗಾಳಿ ಏಳುವ ಮುನ್ನ ಮರಳಬೇಕು. ಇದಲ್ಲದೆ ನವೆಂಬರಿನಿಂದ ಮಾರ್ಚಿನವರೆಗೆ ಆಗಾಗ ಪರ್ಷಿಯನ್ ಕೊಲ್ಲಿಯ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆಗಳು ಅರಬ್ಬೀ ಸಮುದ್ರ ದಾಟಿ ನಮ್ಮ ದಂಡೆಗೆ ಬರುತ್ತವೆ. ಇವುಗಳ ಕುರಿತು ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲ, ಇಲ್ಲಿ ಗಾಳಿಯೂ ಇಲ್ಲ, ಆದರೂ ದೋಣಿ ರದ್ದಾಯಿತೇಕೆ ಎಂದು ದಡದಲ್ಲಿ ನಿಂತು ಕೇಳುವವರಿಗೆ ಉತ್ತರ ಇದೇ. ಸಮುದ್ರದ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಅಲೆಗಳ ಮುನ್ಸೂಚನೆಯನ್ನು ಹಿಂದಿನ ಸಂಜೆ ನೋಡಿ ತಾಂಡೇಲರು ತೀರ್ಮಾನಿಸುತ್ತಾರೆ. ಅವರ ಮಾತೇ ಕೊನೆಯ ಮಾತು.

ಹಾಗೆ ಸಮುದ್ರದ ದೋಣಿ ನಿಂತ ದಿನ, ಒಪ್ಪಿದವರನ್ನು ಕುಂಬಾರಜುವೆ ಕಾಲುವೆಗೆ ಕರೆದೊಯ್ಯುತ್ತೇವೆ. ಜುವಾರಿಯನ್ನೂ ಮಾಂಡವಿಯನ್ನೂ ಸೇರಿಸುವ ಈ ಕಾಲುವೆಗೆ ಕಡಲಿನ ಅಲೆ ತಲುಪದು, ಮಳೆನೀರು ಇಳಿದುಹೋದ ಮೇಲೆ ಉಪ್ಪು ಮೇಲ್ಮೇಲಕ್ಕೆ ಏರುವುದರಿಂದ ಸಮುದ್ರದ ಮೀನುಗಳೂ ಒಳಕ್ಕೆ ಬಂದಿರುತ್ತವೆ. ಎರಡು ಎಚ್ಚರಿಕೆಗಳಿವೆ. ಕಾಲುವೆಯಲ್ಲಿ ಮೊಸಳೆಗಳಿವೆ, ಚಳಿಗಾಲದ ಬಿಸಿಲಿಗೆ ಅವು ಕೆಸರಿನ ದಂಡೆಯ ಮೇಲೆ ಮಲಗುತ್ತವೆ. ಮೀನು ಎಳೆಯುವ ಭರದಲ್ಲಿ ಯಾರೂ ದೋಣಿಯಿಂದ ಇಳಿಯಬಾರದು. ಎರಡನೆಯದಾಗಿ, ಅಂಕೋಲಾ, ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಉಪ್ಪುನೀರು ತಡೆಯಲು ಒಡ್ಡು ಕಟ್ಟಿದ ಇಲ್ಲಿನ ಖಾಜನ್ ಗದ್ದೆಗಳು ಹೊಸವೇನಲ್ಲ. ಅವುಗಳ ತೂಬಿನ ಬಾಯಿಯಲ್ಲಿ ಇಳಿತದ ಹೊತ್ತಿಗೆ ಮೀನು ಕಾದಿರುವುದು ನಿಜ, ಆದರೆ ಆ ತೂಬಿನ ಮೀನುಗಾರಿಕೆಯ ಹಕ್ಕನ್ನು ಊರಿನವರು ಹರಾಜಿನಲ್ಲಿ ಕೊಟ್ಟಿರುತ್ತಾರೆ. ಅಲ್ಲಿ ನಾವು ಗಾಳ ಹಾಕುವುದಿಲ್ಲ, ಹಾಕಲು ಬಿಡುವುದೂ ಇಲ್ಲ. ಚಿಕಾಲಿಮ್ ಕೊಲ್ಲಿಯಲ್ಲಿ ಲಂಗರು ಹಾಕುವ ಜಾಗವನ್ನೂ ತಾಂಡೇಲರೇ ಆರಿಸುತ್ತಾರೆ, ಏಕೆಂದರೆ ಹಳೆಯ ಗೋವಾ ಮನೆಗಳ ಕಿಟಕಿಗಳಿಗೆ ಕೂರಿಸುತ್ತಿದ್ದ ತೆಳುಚಿಪ್ಪಿನ ಸಿಂಪಿಗಳು ಅಲ್ಲಿನ ಕೆಸರಿನಲ್ಲಿವೆ, ಅವಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಸಲಕರಣೆಯ ಬಗ್ಗೆ ಒಂದೆರಡು ಮಾತು. ಅಕ್ಟೋಬರಿನ ಕೆಂಪು ನೀರಿನಲ್ಲಿ ಹೊಳೆಯುವ ದೊಡ್ಡ ಲೂರ್‌ಗಳು (ಕೃತಕ ಎರೆಗಳು) ಕೆಲಸ ಮಾಡಿದ್ದವು. ಈಗ ನೀರು ತಿಳಿಯಾಗಿದೆ, ದಪ್ಪ ಲೀಡರ್ (ಕೊಕ್ಕೆಗೆ ಕಟ್ಟುವ ತುದಿಯ ದಾರ) ಮೀನಿಗೆ ಕಾಣುತ್ತದೆ. ತೆಳ್ಳಗಿನ, ಉದ್ದವಾದ ಲೀಡರನ್ನೂ ಮಂದ ಬಣ್ಣದ ಚಿಕ್ಕ ಲೂರ್‌ಗಳನ್ನೂ ತನ್ನಿ, ರೀಲನ್ನು ನಿಧಾನವಾಗಿ ತಿರುಗಿಸಿ. ಜೀವಂತ ಸಿಗಡಿಯ ಎರೆ ನಮ್ಮಲ್ಲಿ ಸಿಗುತ್ತದೆ, ಈ ತಿಂಗಳುಗಳಲ್ಲಿ ಅದರಷ್ಟು ನಂಬಿಕೆಯದು ಬೇರೊಂದಿಲ್ಲ. ಬೆಳಗಿನ ದೋಣಿಗೆ ಬರುವವರು ಒಂದು ಸ್ವೆಟರ್ ತರುವುದು ಒಳ್ಳೆಯದು. ಗೋವಾದಲ್ಲಿ ಚಳಿಯೇ ಎಂದು ನಗುವವರೇ ದೋಣಿಯಲ್ಲಿ ಮೊದಲು ನಡುಗುತ್ತಾರೆ.

ಈ ಚಳಿಗಾಲದಿಂದ 80 ಸೆಂಟಿಮೀಟರ್ ಮೀರಿದ ಚೊಣಕವನ್ನು ನೀರಿಗೆ ಬಿಡಬೇಕೆಂಬ ನಿಯಮವನ್ನೂ ಜಾರಿಗೆ ತರುತ್ತಿದ್ದೇವೆ. ಚೊಣಕ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುವ ಮೀನು; ದೊಡ್ಡವು ಬಹುಪಾಲು ಹೆಣ್ಣುಗಳೇ, ಮಳೆಗಾಲ ಆರಂಭವಾಗುವಾಗ ಅಳಿವೆಯ ಬಾಯಲ್ಲಿ ಮೊಟ್ಟೆ ಇಡುವುದು ಅವೇ. ತಣ್ಣನೆಯ ನೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುವುದರಿಂದ, ಬಿಟ್ಟ ಮೀನು ಚೇತರಿಸಿಕೊಳ್ಳಲು ಚಳಿಗಾಲವೇ ಅನುಕೂಲ. ಫೋಟೋ ತೆಗೆಯಲು ಅಡ್ಡಿಯಿಲ್ಲ, ಆದರೆ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಬೇಗ ಮುಗಿಸಬೇಕು.

ಈಗಾಗಲೇ 5.30ರ ದೋಣಿಗೆ ಮುಂಗಡ ಕೊಟ್ಟವರಿಗೆ ಹೊಸ ಹೊತ್ತನ್ನು ಫೋನ್ ಮೂಲಕ ತಿಳಿಸುತ್ತೇವೆ. ಒಪ್ಪಿಗೆಯಾಗದಿದ್ದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸಲಾಗುವುದು ಅಥವಾ ಮಾರ್ಚ್ ನಂತರದ ದಿನಕ್ಕೆ ಹೊಂದಿಸಲಾಗುವುದು. ಗಾಳಿ, ಅಲೆ, ಮಂಜುಗಳ ಕಾರಣದಿಂದ ನಾವೇ ದೋಣಿ ನಿಲ್ಲಿಸಿದಾಗಲೂ ಇದೇ ಕ್ರಮ. ಸಮುದ್ರದ ದೋಣಿಗೆ ಬರುವವರು ಹಿಂದಿನ ಸಂಜೆ 7ರ ನಂತರ ಒಮ್ಮೆ ವಿಚಾರಿಸಿಕೊಂಡೇ ಊರಿನಿಂದ ಹೊರಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ದೋಣಿಯವರು ಮತ್ತು ತಾಂಡೇಲರು