ಕುರ್ಚಿಯಿಂದ ನಾನೇ ಏಳುತ್ತೇನೆ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಸ್ವಲ್ಪ ಗಡುಸಾಗಿ ಮಾತಾಡಿಬಿಟ್ಟೆ. "ಈ ಸಲ ಬಂದಾಗ ನನ್ನನ್ನು ಕೈ ಹಿಡಿದು ಎಬ್ಬಿಸಬೇಡ" ಅಂದೆ. ನೀನು ಸುಮ್ಮನಾಗಿಬಿಟ್ಟೆ. ರಾತ್ರಿಯೆಲ್ಲ ಅದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸಲ ನೀನು 15 ದಿನ ಇದ್ದೆಯಲ್ಲ, ಒಂದು ಲೋಟ ನೀರಿಗೂ ನನ್ನನ್ನು ಏಳಲು ಬಿಡಲಿಲ್ಲ. ಊಟ ಮಂಚಕ್ಕೇ ಬರುತ್ತಿತ್ತು, ಮಾತ್ರೆ ಅಂಗೈಗೆ. ಬಾತ್‌ರೂಮಿಗೆ ಹೋಗಬೇಕಾದರೆ ನಿನ್ನ ಹೆಗಲು. ನನಗೂ ಹಾಯಾಗಿತ್ತು, ಸುಳ್ಳು ಹೇಳುವುದಿಲ್ಲ. ನೀನು ಹೊರಟ ಮಾರನೇ ದಿನ ಸೋಫಾದಿಂದ ಏಳಲು ಹೋದೆ, ಆಗಲಿಲ್ಲ. ಇನ್ನೊಂದು ಸಲ ನೋಡಿದೆ, ಆಗಲೂ ಇಲ್ಲ. ಮೂರನೇ ಸಲ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ಹೇಗೋ ಎದ್ದು ನಿಂತೆ. ತೊಡೆ ಗಡಗಡ ನಡುಗುತ್ತಿತ್ತು. ಲಿವರಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾದ ದಿನವೂ ನನಗೆ ಅಷ್ಟು ಭಯ ಆಗಿರಲಿಲ್ಲ.

ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಕಣೇ. ನನಗೂ ಗೊತ್ತಿರಲಿಲ್ಲ. ಕ್ಯಾನ್ಸರ್ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು, ರೆಸ್ಟ್ ತಗೋ.

ಮುಂದಿನ ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ನನ್ನ ಹಳೇ ಸಿಟಿ ಸ್ಕ್ಯಾನ್, ಹೊಸ ಸ್ಕ್ಯಾನ್ ಎರಡನ್ನೂ ಅಕ್ಕಪಕ್ಕ ತೆರೆದರು. ಲಿವರ್ ತೋರಿಸಲಿಲ್ಲ. ಸ್ವಲ್ಪ ಕೆಳಗೆ, ಸೊಂಟದ ಬೆನ್ನುಮೂಳೆಗಳಲ್ಲಿ ಮೂರನೆಯದರ ಹತ್ತಿರ ನಿಲ್ಲಿಸಿದರು. ಮೂಳೆಯ ಎರಡು ಪಕ್ಕ ಬೂದು ಬಣ್ಣದ ಎರಡು ಗುಂಡನೆಯ ಗುರುತು. ಅವೇ ಮಾಂಸಖಂಡ. ಹಳೇ ಚಿತ್ರದಲ್ಲಿ ತುಂಬಿಕೊಂಡಿದ್ದವು, ಹೊಸದರಲ್ಲಿ ಚಪ್ಪಟೆಯಾಗಿದ್ದವು. ಅಷ್ಟು ದಿನ ನಾವೆಲ್ಲ ಗಡ್ಡೆ ಎಷ್ಟು ಸೆಂಟಿಮೀಟರ್ ಆಯಿತು ಅಂತ ಮಾತ್ರ ಕೇಳುತ್ತಿದ್ದೆವು ಅಲ್ವಾ? ಇದೂ ಅದೇ ಸ್ಕ್ಯಾನಿನಲ್ಲೇ ಇತ್ತು. ನಾವು ಕೇಳಿರಲಿಲ್ಲ.

ಇದಕ್ಕೆ ಸಾರ್ಕೊಪೀನಿಯಾ ಅನ್ನುತ್ತಾರೆ. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬುವರು ಗ್ರೀಕ್ ಮಾತಿನಿಂದ ಕಟ್ಟಿದ ಹೆಸರು, ಮಾಂಸ ಕಡಿಮೆಯಾಗುವುದು ಅಂತ ಅರ್ಥ. ಮೊದಲು ವಯಸ್ಸಾದವರ ವಿಷಯದಲ್ಲಿ ಹೇಳುತ್ತಿದ್ದರು. ಲಿವರ್ ಗಟ್ಟಿಯಾಗಿ ಕುಗ್ಗಿರುವ ನನ್ನಂಥವರಿಗೆ ಇದು ಬೇಗ ಬರುತ್ತದೆ. ಕಾರಣ ಕೇಳು. ಚೆನ್ನಾಗಿರುವ ಲಿವರ್ ರಾತ್ರಿಗೆ ಬೇಕಾದ ಸಕ್ಕರೆಯನ್ನು ಕೂಡಿಟ್ಟುಕೊಂಡಿರುತ್ತದೆ. ನನ್ನದಕ್ಕೆ ಆ ಶಕ್ತಿ ಇಲ್ಲ. ಹಾಗಾಗಿ ಒಂದು ರಾತ್ರಿಯ ಉಪವಾಸ ನನ್ನ ಮೈಗೆ, ಆರೋಗ್ಯವಾಗಿರುವವರು ಎರಡು ಮೂರು ದಿನ ಹಸಿದು ಕೂತ ಹಾಗೆ. ಆ ಹಸಿವಿಗೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಉರಿಸುತ್ತದೆ. ಜೊತೆಗೆ ಅಮೋನಿಯ. ಲಿವರ್ ತೆಗೆದುಹಾಕಬೇಕಾದ ಆ ವಿಷ ಹಾಗೇ ಉಳಿದಾಗ ಅದನ್ನು ಅರಗಿಸುವ ಕೆಲಸ ಮಾಂಸಖಂಡದ ಮೇಲೆ ಬೀಳುತ್ತದೆ. ಅದೇ ಅಮೋನಿಯ ಮಾಂಸಖಂಡ ಬೆಳೆಯುವುದನ್ನೂ ತಡೆಯುತ್ತದೆ. ಲಿವರಿನ ಕೆಲಸವನ್ನು ತಾನು ಹೊತ್ತುಕೊಂಡು ತಾನೇ ಸೊರಗುತ್ತದೆ, ಪಾಪ.

ತೂಕ ನೋಡಿ ನೀನು "ಅಮ್ಮ 61 ಕಿಲೋನೇ ಇದ್ದಾಳೆ, ಇಳಿದಿಲ್ಲ" ಅಂತ ಖುಷಿಪಡುತ್ತಿದ್ದೆ. ಅದು ಹೊಟ್ಟೆಯಲ್ಲಿ ತುಂಬಿದ್ದ ನೀರಿನ ತೂಕ. ತೊಡೆ ಇಳಿಯುತ್ತಿತ್ತು, ಹೊಟ್ಟೆ ಏರುತ್ತಿತ್ತು, ತಕ್ಕಡಿ ಮಾತ್ರ ಅಲ್ಲೇ ನಿಂತಿತ್ತು. ಇನ್ಮೇಲೆ ನನ್ನ ತೂಕ ಕೇಳಬೇಡ. ಡಬ್ಬಿಯ ಮುಚ್ಚಳ ತೆಗೆಯೋಕೆ ಆಯಿತಾ ಅಂತ ಕೇಳು.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಲಿವರ್ ಕ್ಯಾನ್ಸರಿಗೆ ಯಾವ ಚಿಕಿತ್ಸೆ ಕೊಟ್ಟರೂ ಅದನ್ನು ತಡೆದುಕೊಳ್ಳಬೇಕಾದ್ದು ಈ ಮೈ. ಆಪರೇಷನ್ ಆದವರಲ್ಲಿ ಮಾಂಸಖಂಡ ಕಡಿಮೆ ಇದ್ದವರಿಗೆ ಆಮೇಲಿನ ತೊಂದರೆಗಳು ಜಾಸ್ತಿ, ಗಡ್ಡೆ ಮರಳಿ ಬರುವುದೂ ಜಾಸ್ತಿ, ಆಯುಷ್ಯ ಕಡಿಮೆ ಅಂತ ಬೇರೆ ಬೇರೆ ಕಡೆಯ ಅಧ್ಯಯನಗಳು ಹೇಳಿವೆ. ಸೊರಾಫೆನಿಬ್ ತರದ ಕ್ಯಾನ್ಸರ್ ಮಾತ್ರೆ ತಗೊಳ್ಳುವವರಲ್ಲೂ ಹಾಗೆಯೇ. ಅಡ್ಡಪರಿಣಾಮ ತಡೆಯಲಾರದೆ ಡೋಸ್ ಇಳಿಸಬೇಕಾಗುತ್ತದೆ, ಕೆಲವರಿಗೆ ನಿಲ್ಲಿಸಲೇಬೇಕಾಗುತ್ತದೆ. ಮಾಂಸಖಂಡ ಸೊರಗುವುದು ರೋಗ ಎಷ್ಟು ಜೋರಾಗಿದೆ ಅನ್ನುವುದರ ಗುರುತೂ ಹೌದು. ಹಾಗಾಗಿ ತೊಡೆ ಗಟ್ಟಿ ಮಾಡಿಕೊಂಡರೆ ಗಡ್ಡೆ ಹೋಗುತ್ತದೆ ಅಂತ ನಾನು ನಂಬಿಲ್ಲ. ಆದರೆ ಗಡ್ಡೆ ನನ್ನ ಕೈಯಲ್ಲಿಲ್ಲ, ತೊಡೆ ಇದೆ. ಇನ್ನೊಂದು ಸಲ ಟೇಸ್ ಮಾಡಬೇಕಂತೆ, ಗಡ್ಡೆಗೆ ರಕ್ತ ಕೊಡುವ ನಾಳದೊಳಗೆ ಔಷಧಿ ಬಿಟ್ಟು ಆ ನಾಳವನ್ನೇ ಮುಚ್ಚುತ್ತಾರಲ್ಲ, ಅದು. ಆ ಹೊತ್ತಿಗೆ ನನ್ನ ಕಾಲ ಮೇಲೆ ನಾನು ನಿಂತಿರಬೇಕು.

ಮಲಗಿದರೆ ಎಷ್ಟು ಕಳೆಯುತ್ತದೆ ಗೊತ್ತಾ? 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಮಂಚದ ಮೇಲೆ ಇಟ್ಟರು. ಕಾಲುಗಳಿಂದ ಸುಮಾರು 1 ಕಿಲೋ ಮಾಂಸಖಂಡ ಹೋಯಿತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಾನು 15 ದಿನ ಮಲಗಿದ್ದೆ.

ಈಗ ನಮ್ಮ ಮನೆಯಲ್ಲಿ ಏನು ನಡೀತಿದೆ ಹೇಳುತ್ತೇನೆ. ಬೆಳಿಗ್ಗೆ, ಸಂಜೆ ಊಟದ ಮೇಜಿನ ಕುರ್ಚಿಯಲ್ಲಿ ಕೂರುತ್ತೇನೆ. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡು ಎದ್ದು ಕೂತು, ಎದ್ದು ಕೂತು, 5 ಸಲ. ನಿಮ್ಮಪ್ಪ ಫೋನಿನಲ್ಲಿ ಸಮಯ ನೋಡುತ್ತಾರೆ. 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಎದ್ದು ಓಡಾಡುವ ಸಾಮರ್ಥ್ಯ ಕಡಿಮೆ ಅಂತ ಏಷ್ಯಾದ ತಜ್ಞರು 2019ರಲ್ಲಿ ಗೆರೆ ಎಳೆದಿದ್ದಾರೆ. ಮೊದಲ ದಿನ ನನಗೆ 19 ಹಿಡಿಯಿತು, ಕೊನೆಯ ಸಲ ಏಳುವಾಗ ಅಪ್ಪನ ಕೈ ತಾನಾಗೇ ಮುಂದಕ್ಕೆ ಬಂತು. ಬೇಡ ಅಂದೆ. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಈಗ ದಿನಾ ಹಾಗೇ ನಿಲ್ಲುತ್ತಾರೆ. ಅವರಿಗೂ ಅದು ಕಷ್ಟವೇ.

ಭಾರ ಎತ್ತುತ್ತಿಲ್ಲ, ಹೆದರಬೇಡ. ಅನ್ನನಾಳದ ರಕ್ತನಾಳ ಉಬ್ಬಿರುವುದರಿಂದ ಅದು ಬೇಡ ಅಂದಿದ್ದಾರೆ. ಟೇಸ್ ಆದ ಮೇಲೆ ಅವರು ಹೇಳಿದಷ್ಟು ದಿನ ಮಲಗುತ್ತೇನೆ, ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ.

ಊಟದ ವಿಷಯ ಒಂದು ಹೇಳಲೇಬೇಕು. ಲಿವರ್ ಕೆಟ್ಟಿದೆ, ಪ್ರೋಟೀನ್ ಬಿಡಿಸಿ ಅಂತ ಯಾರೋ ಹೇಳಿದ್ದನ್ನು ನಂಬಿ ನಾವು ತಿಂಗಳುಗಟ್ಟಲೆ ಕಡಿಮೆ ಮಾಡಿದ್ದೆವಲ್ಲ, ಅದು ಹಳೇ ಕಾಲದ ಮಾತಂತೆ. ಯುರೋಪಿನ ಲಿವರ್ ತಜ್ಞರು 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ದಿನಕ್ಕೆ ತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ನೀರಿನ ತೂಕ ಕಳೆದು ನನ್ನದು 56 ಕಿಲೋ ಅಂತ ಹಿಡಿದರೆ 67ರಿಂದ 84 ಗ್ರಾಂ. ಒಂದೇ ಸಲಕ್ಕೆ ಸೇರುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನುತ್ತೇನೆ. ಮಲಗುವ ಮುಂಚೆ ಏನಾದರೂ ತಿಂದೇ ಮಲಗುತ್ತೇನೆ. ಹಸಿವಿಲ್ಲದಿದ್ದರೂ ತಿನ್ನುತ್ತೇನೆ, ಮಾತ್ರೆ ನುಂಗಿದ ಹಾಗೆ. ನೀನು ಸಹಾಯ ಮಾಡಬೇಕು ಅಂತಿದ್ದರೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡು, ನಾನು ತಿನ್ನುವವರೆಗೂ ಮಾತಾಡುತ್ತಿರು. ಆ ಒಂದು ತುತ್ತು ನನಗೆ ಎಲ್ಲಕ್ಕಿಂತ ಕಷ್ಟ.

ಇವತ್ತು ಬೆಳಿಗ್ಗೆ 14 ಸೆಕೆಂಡು.

ಮುಂದಿನ ತಿಂಗಳು ಬರುತ್ತೀಯಲ್ಲ, ಬಾಗಿಲು ನಾನೇ ತೆಗೆಯುತ್ತೇನೆ. ತಡವಾದರೆ ಹೊರಗೆ ನಿಂತಿರು, ಗಾಬರಿಯಾಗಿ ಅಪ್ಪನಿಗೆ ಫೋನ್ ಮಾಡಬೇಡ. ನಡೆಯೋಕೆ ಒಳ್ಳೆ ಶೂ ತಗೊಂಡು ಬಾ. ಸಂಜೆ ನನ್ನ ಪಕ್ಕದಲ್ಲಿ ನಡೆ, ತೋಳು ಹಿಡಿಯದೆ.

ನಿನ್ನ
ಅಮ್ಮ